ಉಬುಂಟುವಿನಲ್ಲಿ ಡೆವ್ ಲೈಬ್ರರಿ: ಹಾಕುವಾಗಲೇ ತೆಗೆಯುವ ದಾರಿ ನೋಡಿಕೊಳ್ಳಿ

ಸಿ ಪ್ರೋಗ್ರಾಂ ಕಂಪೈಲ್ ಆಗದೆ ‘ಜಿಎಲ್/ಗ್ಲಟ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ನಿಂತಿತೆಂದರೆ ನಮ್ಮ ಹುಡುಗರು ಮೊದಲು ಮಾಡುವ ಕೆಲಸ, ಯಾವುದೋ ವಿಡಿಯೋದ ಕೆಳಗೆ ಬರೆದಿರುವ ಮೂರು ಸಾಲಿನ ಆಜ್ಞೆಯನ್ನು ಹಾಗೆಯೇ ತಂದು ಅಂಟಿಸಿ ಎಂಟರ್ ಒತ್ತುವುದು. ಅದರಲ್ಲಿ ಬೇಕಾದ ಪ್ಯಾಕೇಜ್ ಒಂದು, ಬೇಡವಾದದ್ದು ಹತ್ತು. ಪ್ರೋಗ್ರಾಂ ಓಡುತ್ತದೆ, ಸರಿ. ಎರಡು ಸೆಮಿಸ್ಟರ್ ಕಳೆದ ಮೇಲೆ ಡಿಸ್ಕ್ ತುಂಬಿತೆಂದು ಲ್ಯಾಪ್‌ಟಾಪ್ ಹೊತ್ತುಕೊಂಡು ನನ್ನ ಮೇಜಿನ ಮುಂದೆ ನಿಲ್ಲುವವರೂ ಅವರೇ. ಮಂಡ್ಯದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಉದ್ಯೋಗ. ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಹಾಕಿಕೊಡುವುದಕ್ಕಿಂತ, ಹಾಕಿದ್ದನ್ನು ಬಿಡಿಸುವುದರಲ್ಲೇ ನನ್ನ ಹೊತ್ತು ಹೆಚ್ಚು ಹೋಗುತ್ತದೆ. ಆದ್ದರಿಂದ ಈ ಬರಹದಲ್ಲಿ ತೆಗೆಯುವ ವಿಚಾರಕ್ಕೇ ಜಾಗ ಜಾಸ್ತಿ.

ಇಲ್ಲಿ ಹೇಳುವುದೆಲ್ಲ ಉಬುಂಟು 22.04 ಮತ್ತು 24.04ಕ್ಕೆ. ಡೆಬಿಯನ್, ಮಿಂಟ್ ಇದ್ದರೂ ಬಹುಪಾಲು ಇದೇ ಕ್ರಮ. ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಸುಡೊ ಎಂದರೆ ಎಸ್-ಯು-ಡಿ-ಓ (ನಿರ್ವಾಹಕರ ಅಧಿಕಾರದಿಂದ ಆಜ್ಞೆ ಓಡಿಸುವ ಪದ), ಆಪ್ಟ್ ಎಂದರೆ ಎ-ಪಿ-ಟಿ (ಪ್ಯಾಕೇಜ್ ಹಾಕುವ, ತೆಗೆಯುವ ಸಲಕರಣೆ), ಲಿಬ್ ಎಂದರೆ ಎಲ್-ಐ-ಬಿ, ಡೆವ್ ಎಂದರೆ ಡಿ-ಇ-ವಿ, ಗ್ಲಟ್ ಎಂದರೆ ಜಿ-ಎಲ್-ಯು-ಟಿ (ಪರದೆಯ ಮೇಲೆ ಚಿತ್ರ ಬರೆಯುವ ಲೈಬ್ರರಿ).

ಮೊದಲು ಎರರ್ ಓದಿ

ಒಂದೇ ಲೈಬ್ರರಿ ಉಬುಂಟುವಿನಲ್ಲಿ ಸಾಮಾನ್ಯವಾಗಿ ಎರಡು ಪ್ಯಾಕೇಜ್ ಆಗಿ ಬರುತ್ತದೆ. ಎಸ್‌ಕ್ಯೂಲೈಟ್ ತೆಗೆದುಕೊಳ್ಳಿ. ಲಿಬ್‌ಎಸ್‌ಕ್ಯೂಲೈಟ್3-0 ಎಂಬುದು ಓಡುವ ಪ್ರೋಗ್ರಾಂಗಳಿಗೆ ಬೇಕಾದದ್ದು. ಪೈಥಾನ್ ಅದನ್ನು ಬಳಸುವುದರಿಂದ ನಿಮ್ಮ ಯಂತ್ರದಲ್ಲಿ ಅದು ಆಗಲೇ ಇರುತ್ತದೆ. ಲಿಬ್‌ಎಸ್‌ಕ್ಯೂಲೈಟ್3-ಡೆವ್ ಎಂಬುದು ಪ್ರೋಗ್ರಾಂ ಬರೆಯುವವರಿಗೆ ಬೇಕಾದದ್ದು. ಅದರಲ್ಲಿ ಕಂಪೈಲರ್ ಓದುವ ಹೆಡರ್ ಫೈಲ್, ಲಿಂಕರ್ (ಕಂಪೈಲ್ ಆದದ್ದನ್ನು ಲೈಬ್ರರಿಗಳೊಂದಿಗೆ ಜೋಡಿಸುವ ಸಲಕರಣೆ) ಹುಡುಕುವ ‘.ಎಸ್‌ಓ’ ಕೊಂಡಿ, ಲೈಬ್ರರಿ ಎಲ್ಲಿದೆ ಎಂದು ಹೇಳುವ ಪಿಕೆಜಿ-ಕಾನ್ಫಿಗ್ ಓದುವ ‘.ಪಿಸಿ’ ಫೈಲ್ ಇರುತ್ತವೆ. ‘ಲೈಬ್ರರಿ ಇದೆ ಮೇಡಂ, ಆದರೂ ಬರುತ್ತಿಲ್ಲ’ ಎನ್ನುವವರಲ್ಲಿ ಬಹಳ ಜನರ ಬಳಿ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ.

‘ಹೆಡರ್ ಫೈಲ್ ಇಲ್ಲ’ ಎಂದರೆ ಕಂಪೈಲರ್ ಹಂತದಲ್ಲೇ ನಿಂತಿದೆ, ಡೆವ್ ಪ್ಯಾಕೇಜ್ ಹಾಕಬೇಕು. ‘ಕೆನಾಟ್ ಫೈಂಡ್ -ಎಲ್‌ಗ್ಲಟ್’ ಎಂದರೆ ಲಿಂಕರ್ ದೂರುತ್ತಿದೆ. ಆಗಲೂ ಸಾಮಾನ್ಯವಾಗಿ ಡೆವ್ ಪ್ಯಾಕೇಜೇ ಬೇಕು. ‘ಅನ್‌ಡಿಫೈನ್ಡ್ ರೆಫರೆನ್ಸ್’ ಬಂದರೆ ಮಾತ್ರ ಏನನ್ನೂ ಹಾಕಲು ಹೋಗಬೇಡಿ. ಒಂದೋ ಆಜ್ಞೆಯಲ್ಲಿ ಲೈಬ್ರರಿಯ ಹೆಸರೇ ಬಿಟ್ಟುಹೋಗಿರುತ್ತದೆ, ಇಲ್ಲವೇ ಅದು ತಪ್ಪು ಜಾಗದಲ್ಲಿರುತ್ತದೆ. ಉಬುಂಟುವಿನ ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ, ಅಲ್ಲಿಯವರೆಗೆ ಬೇಡಿಕೆ ಇಲ್ಲದ ಲೈಬ್ರರಿಯನ್ನು ಕೈಬಿಡುತ್ತದೆ. ಹಾಗಾಗಿ ಸೋರ್ಸ್ ಫೈಲ್ ಮೊದಲು, ಲೈಬ್ರರಿಗಳು ಕೊನೆಗೆ:

ಜಿಸಿಸಿ ಕ್ಯೂಬ್.ಸಿ -ಓ ಕ್ಯೂಬ್ -ಎಲ್‌ಗ್ಲಟ್ -ಎಲ್‌ಜಿಎಲ್‌ಯು -ಎಲ್‌ಜಿಎಲ್ -ಎಲ್‌ಎಂ

ಇದರಲ್ಲಿ ಜಿಎಲ್‌ಯು, ಜಿಎಲ್ ಎರಡೂ ದೊಡ್ಡಕ್ಷರ. ಇದೇ ಸಾಲಿನಲ್ಲಿ ಲೈಬ್ರರಿಗಳನ್ನು ಕ್ಯೂಬ್.ಸಿಗಿಂತ ಮೊದಲೇ ಬರೆದು, ಬಾರದೆ, ಗ್ಲಟ್ ಅನ್ನು ತೆಗೆದು ಮತ್ತೆ ಹಾಕಿ, ಕೊನೆಗೆ ಉಬುಂಟುವನ್ನೇ ಹೊಸದಾಗಿ ಹಾಕಿಕೊಂಡವರನ್ನು ಕಂಡಿದ್ದೇನೆ.

ಇನ್ನೊಂದು ಬಗೆಯಿದೆ. ಕಂಪೈಲ್ ಆಗಿ, ಲಿಂಕ್ ಆಗಿ, ಓಡಿಸಿದಾಗ ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’ ಎಂದರೆ ಡೆವ್ ಪ್ಯಾಕೇಜಿಗೂ ಅದಕ್ಕೂ ಸಂಬಂಧವಿಲ್ಲ. ಓಡುವಾಗ ಬೇಕಾದ ಲೈಬ್ರರಿ ಕಾಣೆಯಾಗಿದೆ. ಅದು ಹೇಗೆ ಕಾಣೆಯಾಗುತ್ತದೆ ಎಂಬುದನ್ನು ತೆಗೆಯುವ ಭಾಗದಲ್ಲಿ ಹೇಳುತ್ತೇನೆ.

ಯಾವ ಪ್ಯಾಕೇಜ್ ಎಂದು ಊಹಿಸಬೇಡಿ

ಹೆಡರ್ ಫೈಲಿನ ಹೆಸರು ಗೊತ್ತಿದ್ದರೆ ಪ್ಯಾಕೇಜಿನ ಹೆಸರನ್ನು ಯಂತ್ರವೇ ಹೇಳುತ್ತದೆ. ಆಪ್ಟ್-ಫೈಲ್ ಎಂಬ ಸಣ್ಣ ಸಲಕರಣೆ ಹಾಕಿಕೊಳ್ಳಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಆಪ್ಟ್-ಫೈಲ್
ಸುಡೊ ಆಪ್ಟ್-ಫೈಲ್ ಅಪ್‌ಡೇಟ್
ಆಪ್ಟ್-ಫೈಲ್ ಸರ್ಚ್ ಗ್ಲಟ್.ಎಚ್

ಎರಡನೆಯ ಸಾಲು ಪ್ಯಾಕೇಜ್‌ಗಳ ಒಳಗಿನ ಫೈಲ್‌ಪಟ್ಟಿಯನ್ನು ಇಳಿಸಿಕೊಳ್ಳುತ್ತದೆ. ಪಟ್ಟಿ ದೊಡ್ಡದು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೂತಿದ್ದರೆ ಕಾಲೇಜಿನ ವೈಫೈ ಸಿಗುವವರೆಗೆ ತಡೆಯಿರಿ. ಉತ್ತರದಲ್ಲಿ ಹಲವು ಸಾಲು ಬಂದರೆ ‘/ಯುಎಸ್‌ಆರ್/ಇನ್‌ಕ್ಲೂಡ್/ಜಿಎಲ್/’ ಎಂಬ ದಾರಿ ಇರುವ ಸಾಲನ್ನು ಹಿಡಿಯಿರಿ. ಗ್ಲಟ್‌ನಂಥ ಹಳೆಯ ಲೈಬ್ರರಿಗಳ ಪ್ಯಾಕೇಜ್ ಹೆಸರು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ನಾಲ್ಕು ವರ್ಷದ ಹಿಂದಿನ ವಿಡಿಯೋ ನಂಬುವುದಕ್ಕಿಂತ ನಿಮ್ಮ ಯಂತ್ರವನ್ನೇ ಕೇಳುವುದು ಅದಕ್ಕೇ.

ಹೆಸರು ಸಿಕ್ಕಿತು, ಫ್ರೀಗ್ಲಟ್3-ಡೆವ್ ಎಂದಿಟ್ಟುಕೊಳ್ಳಿ. ಆಗಲೂ ನೇರವಾಗಿ ಹಾಕಬೇಡಿ. ತಾಲೀಮು ನಡೆಸಿ ನೋಡಿ:

ಆಪ್ಟ್ ಇನ್‌ಸ್ಟಾಲ್ -ಎಸ್ ಫ್ರೀಗ್ಲಟ್3-ಡೆವ್

ಸಣ್ಣ ಎಸ್ ಕೊಟ್ಟರೆ ಆಪ್ಟ್ ಏನನ್ನೂ ಮುಟ್ಟದೆ, ತಾನು ಏನೇನು ಮಾಡಲಿದ್ದೇನೆ ಎಂದಷ್ಟೇ ಹೇಳುತ್ತದೆ. ಕೇಳಿದ್ದು ಒಂದು, ಬೆನ್ನಿಗೆ ಬರುವುದು ಮೆಸಾ, ಎಕ್ಸ್11 ಮುಂತಾದವುಗಳ ಡೆವ್ ಪ್ಯಾಕೇಜ್‌ಗಳ ಹಿಂಡು. ಇದು ಗಾಬರಿಪಡುವ ವಿಷಯವಲ್ಲ. ಪರದೆಯ ಮೇಲೆ ಚಿತ್ರ ಬರೆಯುವ ಲೈಬ್ರರಿಗೆ ಅವೆಲ್ಲ ಬೇಕು. ನೋಡಬೇಕಾದದ್ದು ಒಂದೇ: ಹಾಕುವ ಆಜ್ಞೆಯ ಉತ್ತರದಲ್ಲಿ ‘ರಿಮೂವ್ಡ್’ ಎಂಬ ದೊಡ್ಡಕ್ಷರದ ಪಟ್ಟಿ ಇದೆಯೇ? ಇದ್ದರೆ ಹೊಸದು ಬರಬೇಕಾದರೆ ಹಳೆಯದು ಹೋಗಬೇಕು ಎಂದರ್ಥ. ಆ ಪಟ್ಟಿಯ ಒಂದೊಂದು ಹೆಸರನ್ನೂ ಓದದೆ ಮುಂದೆ ಹೋಗಬೇಡಿ.

ಪಟ್ಟಿ ಸರಿಯಿದ್ದರೆ:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಫ್ರೀಗ್ಲಟ್3-ಡೆವ್

ಕಂಪೈಲರೇ ಇಲ್ಲದ ಹೊಸ ಯಂತ್ರವಾದರೆ ಇದಕ್ಕೂ ಮುಂಚೆ ಬಿಲ್ಡ್-ಎಸೆನ್ಷಿಯಲ್ ಹಾಕಬೇಕು. ಜಿಸಿಸಿ, ಜಿ++, ಮೇಕ್ ಎಲ್ಲವೂ ಅದರೊಂದಿಗೆ ಬರುತ್ತವೆ. ‘ಅನೇಬಲ್ ಟು ಲೊಕೇಟ್ ಪ್ಯಾಕೇಜ್’ ಎಂದರೆ ಅಪ್‌ಡೇಟ್ ಮಾಡಿಲ್ಲ, ಹೆಸರಿನ ಅಕ್ಷರ ತಪ್ಪಿದೆ, ಇಲ್ಲವೇ ಉಬುಂಟುವಿನ ಪ್ಯಾಕೇಜ್ ಭಂಡಾರದ ‘ಯೂನಿವರ್ಸ್’ ವಿಭಾಗ ಮುಚ್ಚಿದೆ.

ಕರೆಂಟ್ ಹೋದರೆ

ನಮ್ಮಲ್ಲಿ ಇದನ್ನು ಹೇಳದೆ ಮುಗಿಸುವಂತಿಲ್ಲ. ಬ್ಯಾಟರಿ ಸತ್ತ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳು, ಯುಪಿಎಸ್ ಇದ್ದೂ ಇಲ್ಲದಂತಿರುವ ಡೆಸ್ಕ್‌ಟಾಪ್‌ಗಳು. ಪ್ಯಾಕೇಜ್ ಬಿಚ್ಚಿಕೊಳ್ಳುವ ನಡುವೆ ಯಂತ್ರ ಆರಿದರೆ ಮುಂದಿನ ಸಲ ಆಪ್ಟ್ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎಂದು ಹೇಳಿ ಕೆಲಸ ಮಾಡಲು ಒಪ್ಪುವುದಿಲ್ಲ (ಡಿಪಿಕೆಜಿ ಎಂಬುದು ಆಪ್ಟ್ ಕೆಳಗೆ ಪ್ಯಾಕೇಜ್ ಬಿಚ್ಚುವ ಸಲಕರಣೆ). ಏನು ಮಾಡಬೇಕೆಂದೂ ಅದೇ ಸಾಲಿನಲ್ಲಿ ಹೇಳಿರುತ್ತದೆ, ಯಾರೂ ಓದುವುದಿಲ್ಲ ಅಷ್ಟೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಮೊದಲನೆಯದು ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತದೆ. ಎರಡನೆಯದು ಅವಲಂಬನೆಗಳಲ್ಲಿ ಏನಾದರೂ ತಪ್ಪಿದ್ದರೆ ತಂದು ಸೇರಿಸುತ್ತದೆ.

ಇದನ್ನು ‘ಕುಡ್ ನಾಟ್ ಗೆಟ್ ಲಾಕ್’ ಎಂಬ ಇನ್ನೊಂದು ಎರರ್‌ನೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ಬರುವ ಈ ಎರರ್‌ಗೆ ಕಾರಣ ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ತಾನಾಗಿ ನಡೆಯುವ ಭದ್ರತಾ ಅಪ್‌ಡೇಟ್. ಲಾಕ್ ಫೈಲನ್ನು ಅಳಿಸಿಬಿಡಿ ಎಂದು ಹೇಳುವ ಸಲಹೆಗಳು ಎಲ್ಲೆಲ್ಲೂ ಸಿಗುತ್ತವೆ. ಕಿವಿಗೆ ಹಾಕಿಕೊಳ್ಳಬೇಡಿ. ಎರಡು ಕೈಗಳು ಒಟ್ಟಿಗೆ ಪ್ಯಾಕೇಜ್ ದಾಖಲೆ ತಿದ್ದದಿರಲಿ ಎಂದೇ ಆ ಬೀಗ ಇರುವುದು. ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬನ್ನಿ, ಅಷ್ಟರಲ್ಲಿ ಮುಗಿದಿರುತ್ತದೆ.

ತೆಗೆಯುವುದು

ಸೆಮಿಸ್ಟರ್ ಮುಗಿಯಿತು, ಗ್ಲಟ್ ಇನ್ನು ಬೇಡ. ಮೊದಲು ನೀವೇ ಏನು ಹಾಕಿದ್ದಿರಿ ಎಂದು ನೋಡಿ. ನೆನಪನ್ನು ನಂಬಬೇಕಾಗಿಲ್ಲ, ಆಪ್ಟ್ ದಿನಚರಿ ಬರೆದಿಡುತ್ತದೆ:

ಗ್ರೆಪ್ ಕಮಾಂಡ್‌ಲೈನ್ /ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್

ಕಮಾಂಡ್‌ಲೈನ್‌ನ ಮೊದಲ ಅಕ್ಷರ ಮಾತ್ರ ದೊಡ್ಡದು. ಹಳೆಯ ತಿಂಗಳುಗಳ ದಾಖಲೆ ಅದೇ ಫೋಲ್ಡರಿನಲ್ಲಿ ‘.ಜಿಝೆಡ್’ ಫೈಲ್‌ಗಳಾಗಿ ಮಡಚಿಟ್ಟಿರುತ್ತದೆ. ಅವುಗಳನ್ನು ಝಡ್‌ಲೆಸ್ ಆಜ್ಞೆಯಿಂದ ಓದಬಹುದು. ಫೈಲ್ ತೆರೆದು ನೋಡಿದರೆ ಯಾವ ದಿನ, ಯಾವ ಆಜ್ಞೆಗೆ, ಯಾವ ಯಾವ ಪ್ಯಾಕೇಜ್ ಬಂತು, ಅದರಲ್ಲಿ ತಾನಾಗಿ ಬಂದದ್ದು ಯಾವುದು ಎಂಬುದೆಲ್ಲ ಇರುತ್ತದೆ. ತಾನಾಗಿ ಬಂದದ್ದರ ಮುಂದೆ ‘ಆಟೋಮ್ಯಾಟಿಕ್’ ಎಂದು ಬರೆದಿರುತ್ತದೆ. ಈ ಒಂದು ಪದದ ಮೇಲೆಯೇ ತೆಗೆಯುವ ಕೆಲಸವೆಲ್ಲ ನಿಂತಿದೆ.

ಸುಡೊ ಆಪ್ಟ್ ರಿಮೂವ್ ಫ್ರೀಗ್ಲಟ್3-ಡೆವ್

ಎಂದರೆ ಹೋಗುವುದು ನೀವು ಹೇಳಿದ್ದು, ಮತ್ತು ಅದನ್ನೇ ನಂಬಿಕೊಂಡಿರುವವು. ಅದರ ಜೊತೆ ಬಂದ ಹಿಂಡು ಅಲ್ಲೇ ಇರುತ್ತದೆ. ಡಿಸ್ಕ್ ಖಾಲಿಯಾಗಲಿಲ್ಲ ಎಂದು ದೂರುವವರು ಇಲ್ಲಿಗೇ ನಿಲ್ಲಿಸಿರುತ್ತಾರೆ. ಹಿಂಡನ್ನು ಕಳಿಸುವುದು ಆಟೋರಿಮೂವ್:

ಆಪ್ಟ್ ಆಟೋರಿಮೂವ್ -ಎಸ್
ಸುಡೊ ಆಪ್ಟ್ ಆಟೋರಿಮೂವ್

‘ತಾನಾಗಿ ಬಂದದ್ದು’ ಎಂದು ಗುರುತಾಗಿ, ಈಗ ಯಾವ ಪ್ಯಾಕೇಜಿಗೂ ಬೇಡವಾದದ್ದನ್ನು ಇದು ತೆಗೆಯುತ್ತದೆ. ಹಳೆಯ ಕರ್ನಲ್‌ಗಳೂ ಹೋಗುತ್ತವೆ. ರಿಮೂವ್ ಬದಲು ಬಳಸುವ ಪರ್ಜ್ ಎಂಬುದು ಸಂರಚನೆಯ ಫೈಲ್‌ಗಳನ್ನೂ ಅಳಿಸುತ್ತದೆ. ಡೆವ್ ಪ್ಯಾಕೇಜ್‌ಗಳಲ್ಲಿ ಅಂಥ ಫೈಲ್ ಸಾಮಾನ್ಯವಾಗಿ ಇರುವುದೇ ಇಲ್ಲ, ಆದ್ದರಿಂದ ಅಲ್ಲಿ ರಿಮೂವ್ ಸಾಕು. ಮೈಎಸ್‌ಕ್ಯೂಎಲ್ ಸರ್ವರ್‌ನಂಥದ್ದನ್ನು ತೆಗೆಯುವಾಗ ವ್ಯತ್ಯಾಸ ದೊಡ್ಡದು, ಅಲ್ಲಿ ಯೋಚಿಸಿ ಕೈಹಾಕಿ.

ಒಂದು ಲೈಬ್ರರಿಯನ್ನು ಯಾರು ಹಿಡಿದುಕೊಂಡಿದ್ದಾರೆ ಎಂದು ತಿಳಿಯಲು:

ಆಪ್ಟ್ ಆರ್‌ಡಿಪೆಂಡ್ಸ್ --ಇನ್‌ಸ್ಟಾಲ್ಡ್ ಲಿಬ್‌ಎಸ್‌ಕ್ಯೂಲೈಟ್3-0

ಉತ್ತರದ ಉದ್ದ ನೋಡಿದರೆ ಸಾಕು, ಡೆವ್ ಇಲ್ಲದ ಈ ಮೂಲ ಪ್ಯಾಕೇಜನ್ನು ತೆಗೆಯುವ ಆಸೆ ತಾನಾಗಿ ಹೋಗುತ್ತದೆ.

ನಕ್ಷತ್ರ ಚಿಹ್ನೆಯನ್ನಂತೂ (*) ತೆಗೆಯುವ ಆಜ್ಞೆಯಲ್ಲಿ ಎಂದೂ ಬಳಸಬೇಡಿ. ಅದಿಲ್ಲದೆ ಒಂದೇ ಹೆಸರು ಕೊಟ್ಟರೂ ಪಟ್ಟಿ ಎಷ್ಟು ಉದ್ದವಾಗಬಹುದು ನೋಡಿ. ಪಾಂಡವಪುರದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಪೈಥಾನ್‌ನ ಬೇರೆ ಆವೃತ್ತಿ ಬೇಕೆಂದು, ಇರುವುದನ್ನು ಮೊದಲು ತೆಗೆಯೋಣ ಎಂದು ರಿಮೂವ್ ಪೈಥಾನ್3 ಎಂದು ಹೊಡೆದಳು. ಪರದೆಯ ತುಂಬ ಹೆಸರುಗಳು ಸುರಿದವು. ಅವಳ ಬೆರಳು ‘ವೈ’ ಕೀಲಿಯ ಮೇಲಿತ್ತು. ‘ಕೈ ತೆಗಿ, ಪಟ್ಟಿ ಓದು’ ಎಂದೆ. ಅವಳು ಒಂದೊಂದೇ ಹೆಸರು ಓದುತ್ತಾ ಬಂದಳು. ಮಧ್ಯದಲ್ಲೊಂದು ಕಡೆ ಉಬುಂಟು-ಡೆಸ್ಕ್‌ಟಾಪ್ ಎಂದಿತ್ತು, ಅದರ ಹತ್ತಿರದಲ್ಲೇ ಗ್ನೋಮ್-ಟರ್ಮಿನಲ್. ‘ಮೇಡಂ, ಈ ಕಿಟಕಿಯೇ ಹೋಗುತ್ತದಲ್ಲಾ!’ ಎಂದಳು. ಹೌದು, ಉಬುಂಟುವಿನ ಡೆಸ್ಕ್‌ಟಾಪ್‌ನ ಎಷ್ಟೋ ಭಾಗ ಪೈಥಾನ್ ಮೇಲೆ ನಿಂತಿದೆ. ಎನ್ ಒತ್ತಿ ಹೊರಬಂದಳು. ಇಲ್ಲಿ ಬರಿಯ ಎಂಟರ್ ಒತ್ತಿದರೂ ಆಪ್ಟ್ ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತದೆ, ಇದು ನೆನಪಿರಲಿ.

ಆಪ್ಟ್‌ಗೆ ನಿಮ್ಮ ಪ್ರೋಗ್ರಾಂ ಗೊತ್ತಿಲ್ಲ

ಆಟೋರಿಮೂವ್ ಬಗ್ಗೆ ಯಾರೂ ಹೇಳದ ಮಾತೊಂದಿದೆ. ನೀವು ಫ್ರೀಗ್ಲಟ್3-ಡೆವ್ ಹಾಕಿದಾಗ, ಓಡಲು ಬೇಕಾದ ಗ್ಲಟ್ ಲೈಬ್ರರಿಯೂ ‘ತಾನಾಗಿ ಬಂದದ್ದು’ ಎಂಬ ಗುರುತಿನೊಂದಿಗೆ ಬಂತು. ನೀವು ಕ್ಯೂಬ್ ಪ್ರೋಗ್ರಾಂ ಕಂಪೈಲ್ ಮಾಡಿದಿರಿ. ಆಮೇಲೆ ಡೆವ್ ತೆಗೆದು ಆಟೋರಿಮೂವ್ ಓಡಿಸಿದಿರಿ. ಆಪ್ಟ್ ತನ್ನ ದಾಖಲೆ ನೋಡುತ್ತದೆ: ಈ ಗ್ಲಟ್ ಯಾವ ಪ್ಯಾಕೇಜಿಗೂ ಬೇಡ, ಕಳಿಸು. ನಿಮ್ಮ ಮನೆ (ಹೋಮ್) ಫೋಲ್ಡರಿನಲ್ಲಿರುವ ಕ್ಯೂಬ್ ಅದರ ದಾಖಲೆಯಲ್ಲಿ ಇಲ್ಲವೇ ಇಲ್ಲ. ಮರುದಿನ ಪ್ರಾಜೆಕ್ಟ್ ತೋರಿಸುವ ಹೊತ್ತಿಗೆ ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್’.

ಇದನ್ನು ತಪ್ಪಿಸಲು, ತೆಗೆಯುವ ಮುಂಚೆ ನಿಮ್ಮ ಪ್ರೋಗ್ರಾಂಗೆ ಏನೇನು ಬೇಕು ಎಂದು ನೋಡಿ:

ಎಲ್‌ಡಿಡಿ ./ಕ್ಯೂಬ್

ಬಂದ ಸಾಲುಗಳಲ್ಲಿ ಲಿಬ್‌ಗ್ಲಟ್ ಎಲ್ಲಿದೆ ಎಂಬ ದಾರಿ ಇರುತ್ತದೆ. ಆ ಫೈಲ್ ಯಾವ ಪ್ಯಾಕೇಜಿನದು ಎಂದು ಕೇಳಲು ಡಿಪಿಕೆಜಿ -ಎಸ್, ಮುಂದೆ ಫೈಲಿನ ದಾರಿ. ಇಲ್ಲಿನ ಎಸ್ ದೊಡ್ಡಕ್ಷರ. ದಾರಿ ‘/ಲಿಬ್’ ಎಂದು ಶುರುವಾಗಿ ಉತ್ತರ ಸಿಗದಿದ್ದರೆ ದಾರಿಯ ಆರಂಭಕ್ಕೆ ‘/ಯುಎಸ್‌ಆರ್’ ಸೇರಿಸಿ ಮತ್ತೊಮ್ಮೆ ಕೇಳಿ. ಪ್ಯಾಕೇಜ್ ಹೆಸರು ಸಿಕ್ಕ ಮೇಲೆ:

ಸುಡೊ ಆಪ್ಟ್-ಮಾರ್ಕ್ ಮ್ಯಾನ್ಯುಯಲ್, ಮುಂದೆ ಆ ಪ್ಯಾಕೇಜ್ ಹೆಸರು

ಹೀಗೆ ಗುರುತು ಬದಲಾಯಿಸಿದರೆ ಅದು ನೀವೇ ಕೇಳಿ ಹಾಕಿಸಿಕೊಂಡದ್ದು ಎಂದು ದಾಖಲಾಗುತ್ತದೆ, ಆಟೋರಿಮೂವ್ ಮುಟ್ಟುವುದಿಲ್ಲ. ಇನ್ನು ಬೇಡವೆನಿಸಿದಾಗ ಮ್ಯಾನ್ಯುಯಲ್ ಎಂಬಲ್ಲಿ ಆಟೋ ಎಂದು ಬರೆದರೆ ಹಳೆಯ ಗುರುತು ಮರಳುತ್ತದೆ.

ಪೈಥಾನ್‌ನವರಿಗೂ ಇದೇ ಕಥೆ. ಜಾಂಗೋ ವೆಬ್ ಪ್ರಾಜೆಕ್ಟಿಗೆ ಮೈಎಸ್‌ಕ್ಯೂಎಲ್‌ಕ್ಲೈಂಟ್ ಹಾಕುವಾಗ, ಪೈಥಾನ್ ಪ್ಯಾಕೇಜ್‌ಗಳನ್ನು ತರುವ ಪಿಪ್ ಅದನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ. ಅದಕ್ಕೆ ಪೈಥಾನ್3-ಡೆವ್, ಡಿಫಾಲ್ಟ್-ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್-ಡೆವ್, ಬಿಲ್ಡ್-ಎಸೆನ್ಷಿಯಲ್, ಪಿಕೆಜಿ-ಕಾನ್ಫಿಗ್ ಬೇಕು. ಕೆಲಸ ಮುಗಿಯಿತೆಂದು ಇವನ್ನು ತೆಗೆದು ಆಟೋರಿಮೂವ್ ಮಾಡಿದರೆ ಮೈಎಸ್‌ಕ್ಯೂಎಲ್ ಕ್ಲೈಂಟಿನ ಮೂಲ ಲೈಬ್ರರಿಯೂ ಹೊರಡಬಹುದು. ಪಿಪ್ ಕಟ್ಟಿದ್ದು ಆಪ್ಟ್‌ಗೆ ಕಾಣುವುದಿಲ್ಲ. ಅದನ್ನೂ ಮ್ಯಾನ್ಯುಯಲ್ ಮಾಡಿಡಿ.

ಉಬುಂಟು 24.04ರಲ್ಲಿ ಪಿಪ್ ನೇರವಾಗಿ ಓಡಿಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ತಡೆಯುತ್ತದೆ. ಅದನ್ನು ಮೀರಲು ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆಯಿದೆ. ವ್ಯವಸ್ಥೆಯನ್ನು ಮುರಿಯುತ್ತೇನೆ ಎಂದು ಹೆಸರಿನಲ್ಲೇ ಬರೆದುಕೊಂಡಿರುವ ಆಯ್ಕೆಯನ್ನು ಜನ ಕಣ್ಣುಮುಚ್ಚಿ ಹಾಕುತ್ತಾರಲ್ಲ! ಪೈಥಾನ್3-ವಿಎನ್‌ವಿ (ವಿ-ಇ-ಎನ್-ವಿ ಎಂದು ಟೈಪ್ ಮಾಡಿ) ಪ್ಯಾಕೇಜ್ ಹಾಕಿ, ಪ್ರಾಜೆಕ್ಟ್ ಫೋಲ್ಡರಿನಲ್ಲಿ ‘ಪೈಥಾನ್3 -ಎಂ ವಿಎನ್‌ವಿ .ವಿಎನ್‌ವಿ’ ಎಂದು ಪ್ರತ್ಯೇಕ ಜಾಗ ಮಾಡಿಕೊಳ್ಳಿ. ಬೇಡವಾದಾಗ ಆ ಫೋಲ್ಡರ್ ಅಳಿಸಿದರೆ ಪಿಪ್ ತಂದದ್ದೆಲ್ಲ ಹೋಯಿತು.

ಮೇಕ್ ಇನ್‌ಸ್ಟಾಲ್

ಉಬುಂಟುವಿನಲ್ಲಿರುವುದಕ್ಕಿಂತ ಹೊಸ ಆವೃತ್ತಿ ಬೇಕೆಂದು ಕೆಲವರು ಸೋರ್ಸ್ ಇಳಿಸಿ ‘ಸುಡೊ ಮೇಕ್ ಇನ್‌ಸ್ಟಾಲ್’ ಎನ್ನುತ್ತಾರೆ. ಫೈಲ್‌ಗಳು ಬಹುತೇಕ ‘/ಯುಎಸ್‌ಆರ್/ಲೋಕಲ್’ ಒಳಗೆ ಬೀಳುತ್ತವೆ. ತೂಕದ ಚೀಟಿ ಇಲ್ಲದೆ ಕಾರ್ಖಾನೆಯ ಒಳಗೆ ಹೋದ ಕಬ್ಬಿನ ಗಾಡಿಯಂತೆ: ಒಳಗಿದೆ, ಆದರೆ ಯಾವ ಪುಸ್ತಕದಲ್ಲೂ ಇಲ್ಲ. ಮೇಲಾಗಿ, ಓಡುವ ಪ್ರೋಗ್ರಾಂಗಳು ಉಬುಂಟುವಿನ ಲೈಬ್ರರಿಗೆ ಬದಲು ಇದನ್ನೇ ಎತ್ತಿಕೊಳ್ಳುವುದೂ ಉಂಟು. ಇಂಥ ಕಡೆಯೂ ಎಲ್‌ಡಿಡಿ ನೋಡಿದರೆ ದಾರಿಯಲ್ಲಿ ಲೋಕಲ್ ಎಂದಿರುತ್ತದೆ.

ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಇದಕ್ಕೆ ಹೋಗಿ. ಹೋದರೂ ಕಾನ್ಫಿಗರ್ ಮಾಡುವಾಗಲೇ --ಪ್ರಿಫಿಕ್ಸ್ ಕೊಟ್ಟು, ನಿಮ್ಮ ಮನೆ ಫೋಲ್ಡರಿನೊಳಗೆ ಆ ಒಂದು ಲೈಬ್ರರಿಗೇ ಮೀಸಲಾದ ಫೋಲ್ಡರಿನಲ್ಲಿ ಹಾಕಿಸಿ. ಸುಡೊ ಬೇಕಿಲ್ಲ, ತೆಗೆಯುವುದೆಂದರೆ ಫೋಲ್ಡರ್ ಅಳಿಸುವುದಷ್ಟೆ. ಪ್ರೋಗ್ರಾಂ ಅದನ್ನು ಕಾಣಬೇಕಾದರೆ ಪಿಕೆಜಿ-ಕಾನ್ಫಿಗ್-ಪಾತ್, ಎಲ್‌ಡಿ-ಲೈಬ್ರರಿ-ಪಾತ್ ಎಂಬ ಎರಡು ಪರಿಸರ ಚರಾಂಶಗಳಿಗೆ (ಎನ್ವಿರಾನ್‌ಮೆಂಟ್ ವೇರಿಯೇಬಲ್) ದಾರಿ ಕೊಡಬೇಕು: ಮೊದಲನೆಯದಕ್ಕೆ ಸಾಮಾನ್ಯವಾಗಿ ಆ ಫೋಲ್ಡರಿನೊಳಗಿನ ‘ಲಿಬ್/ಪಿಕೆಜಿಕಾನ್ಫಿಗ್’, ಎರಡನೆಯದಕ್ಕೆ ‘ಲಿಬ್’. ಹೆಸರುಗಳು ಪೂರ್ತಿ ದೊಡ್ಡಕ್ಷರ, ಹೈಫನ್ ಜಾಗದಲ್ಲಿ ಅಂಡರ್‌ಸ್ಕೋರ್.

ಈಗಾಗಲೇ ‘/ಯುಎಸ್‌ಆರ್/ಲೋಕಲ್’ಗೆ ಹಾಕಿಬಿಟ್ಟಿದ್ದರೆ ಸೋರ್ಸ್ ಫೋಲ್ಡರ್ ಉಳಿದಿದೆಯೇ ನೋಡಿ. ಅದರೊಳಗೆ ‘ಸುಡೊ ಮೇಕ್ ಅನ್‌ಇನ್‌ಸ್ಟಾಲ್’ ಕೆಲವು ಲೈಬ್ರರಿಗಳಲ್ಲಿ ಕೆಲಸ ಮಾಡುತ್ತದೆ. ಸಿಮೇಕ್ ಬಳಸಿದ್ದಾದರೆ ಬಿಲ್ಡ್ ಫೋಲ್ಡರಿನಲ್ಲಿ ಇನ್‌ಸ್ಟಾಲ್-ಮ್ಯಾನಿಫೆಸ್ಟ್ ಎಂಬ ಪಠ್ಯ ಫೈಲ್ ಇರುತ್ತದೆ, ಹಾಕಿದ ಪ್ರತಿ ಫೈಲಿನ ದಾರಿಯೂ ಅದರಲ್ಲಿರುತ್ತದೆ. ಓದಿ, ಸರಿಯಿದ್ದರೆ ಆ ಫೈಲ್‌ಗಳನ್ನು ಅಳಿಸಿ.

ಸೋರ್ಸ್ ಫೋಲ್ಡರನ್ನೂ ಅಳಿಸಿದ್ದೀರಾ? ಅದೇ ಆವೃತ್ತಿಯ ಸೋರ್ಸ್ ಮತ್ತೆ ಇಳಿಸಿ, ಮೊದಲಿನಂತೆಯೇ ಬಿಲ್ಡ್ ಮಾಡಿ, ಖಾಲಿ ಫೋಲ್ಡರೊಂದಕ್ಕೆ ಹಾಕಿಸಿ:

ಮೇಕ್ ಇನ್‌ಸ್ಟಾಲ್ ಡೆಸ್ಟ್‌ಡಿರ್=/ಟಿಎಂಪಿ/ನೋಟ

ಡೆಸ್ಟ್‌ಡಿರ್ ದೊಡ್ಡಕ್ಷರ; ‘ನೋಟ’ದ ಬದಲು ನಿಮಗೆ ಬೇಕಾದ ಹೆಸರನ್ನು ಇಂಗ್ಲಿಷಿನಲ್ಲಿ ಕೊಡಿ. ಆ ಫೋಲ್ಡರಿನೊಳಗೆ ‘ಯುಎಸ್‌ಆರ್/ಲೋಕಲ್’ನ ಕೆಳಗೆ ಯಾವ ಫೈಲ್‌ಗಳು ಬಿದ್ದವೋ, ನಿಜವಾದ ‘/ಯುಎಸ್‌ಆರ್/ಲೋಕಲ್’ನಲ್ಲಿ ಅದೇ ಹೆಸರಿನವನ್ನು ಒಂದೊಂದಾಗಿ ತೆಗೆಯಿರಿ. ಫೈಲ್‌ಗಳನ್ನು ಮಾತ್ರ, ಲಿಬ್, ಇನ್‌ಕ್ಲೂಡ್, ಶೇರ್ ಫೋಲ್ಡರ್‌ಗಳಲ್ಲಿ ಬೇರೆಯವರ ಸಾಮಾನೂ ಇರುತ್ತದೆ. ಕೊನೆಗೆ ‘ಸುಡೊ ಎಲ್‌ಡಿಕಾನ್ಫಿಗ್’ ಓಡಿಸಿ, ನಿಮ್ಮ ಪ್ರೋಗ್ರಾಂ ಮೇಲೆ ಎಲ್‌ಡಿಡಿ ಇನ್ನೊಮ್ಮೆ ಹಾಕಿ. ಲೋಕಲ್ ಎಂಬುದು ಯಾವ ಸಾಲಿನಲ್ಲೂ ಕಾಣದಿದ್ದರೆ ಅದು ಹೋಗಿದೆ; ‘ನಾಟ್ ಫೌಂಡ್’ ಎಂಬ ಸಾಲಿದ್ದರೆ ಆ ಲೈಬ್ರರಿಯ ಉಬುಂಟು ಪ್ಯಾಕೇಜನ್ನು ಆಪ್ಟ್ ಮೂಲಕ ಹಾಕಿಕೊಳ್ಳಿ.